ಹಿಂಡಿ ಚೀಲದ ಹಿಂಬದಿ

ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವವರ ಸ್ಕೂಟರಿನಲ್ಲಿ, ಕಾಲಿಡುವ ಜಾಗದಲ್ಲಿ, ತಿಂಗಳಿಗೆ ಎರಡು ಮೂರು ಸಲವಾದರೂ ಒಂದು ಚೀಲ ಅಡ್ಡ ಮಲಗಿರುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಹಳ್ಳಿಗಳಲ್ಲಿ ಅದಕ್ಕೆ ಹಿಂಡಿ ಎಂದೇ ಹೆಸರು. ಒಳಗೆ ಹಿಂಡಿಯ ಜೊತೆ ಮೆಕ್ಕೆಜೋಳ, ತೌಡು, ಕಾಕಂಬಿ, ಉಪ್ಪು, ಖನಿಜ ಎಲ್ಲ ಸೇರಿ ಗುಳಿಗೆಯಾಗಿದ್ದರೂ ಹಳೆಯ ಹೆಸರು ಬಿಟ್ಟುಹೋಗಿಲ್ಲ. ಚೀಲದ ಮುಂಬದಿಯಲ್ಲಿ ದನದ ಚಿತ್ರ, ಹಿಂಬದಿಯಲ್ಲಿ ಸಣ್ಣ ಅಕ್ಷರದ ಹತ್ತು ಹನ್ನೆರಡು ಸಾಲು. ಹೊಲಿಗೆಯ ದಾರ ಎಳೆದು ಚೀಲ ಬಿಚ್ಚುವವರು ಬಹುಮಟ್ಟಿಗೆ ಹೆಂಗಸರು. ಹಟ್ಟಿಯ ಅರೆಬೆಳಕಿನಲ್ಲಿ, ಕರು ಎಳೆಯುತ್ತಿರುವಾಗ, ಅದನ್ನು ಓದಲು ಯಾರಿಗೆ ಪುರುಸೊತ್ತು?

ಹಳೆಯ ಗಿಡ್ಡ ದನಗಳ ಕಾಲಕ್ಕೆ ಈ ಬರಹ ಬೇಕಾಗಿರಲಿಲ್ಲ. ಬೆಳಿಗ್ಗೆ ಹಾಡಿಗೆ ಹೋಗಿ ಸಂಜೆ ಮರಳುವ ಗಂಟಿಗೆ ಒಂದಿಷ್ಟು ಅಕ್ಕಚ್ಚು, ತೌಡು, ಬೈಹುಲ್ಲು ಸಾಕಿತ್ತು. ಅದು ಕೊಡುತ್ತಿದ್ದ ಒಂದೆರಡು ಲೀಟರ್ ಹಾಲಿಗೆ ಹಾಡಿಯ ಸೊಪ್ಪೇ ಆಧಾರ. ಹತ್ತು ಲೀಟರ್ ಕೊಡುವ ಜರ್ಸಿ, ಎಚ್‌ಎಫ್ ಮಿಶ್ರತಳಿ ಹಟ್ಟಿಗೆ ಬಂದ ಮೇಲೆ ಲೆಕ್ಕ ಬದಲಾಯಿತು. ಆ ಹಾಲಿನ ಬಹುಪಾಲು ಈ ಚೀಲದಿಂದ ಬರುತ್ತದೆ. ಹಾಗಾಗಿ ಇದರ ಹಿಂಬದಿಯನ್ನು ಸಾಲು ಸಾಲಾಗಿ ಬಿಡಿಸಿ ಓದಿಯೇ ತೀರಬೇಕೆಂದು ನನಗೆ ಅನ್ನಿಸಿದೆ. ಇಲ್ಲಿ ಮೂಲವಾಗಿ ಇಟ್ಟುಕೊಂಡದ್ದು ಯಾವುದೋ ಒಂದು ಕಂಪನಿಯ ಚೀಲವನ್ನಲ್ಲ. ಮಿಶ್ರ ಪಶು ಆಹಾರಕ್ಕಾಗಿ ಭಾರತೀಯ ಮಾನಕ ಬ್ಯೂರೋ ಮಾಡಿದ ಐ.ಎಸ್. 2052ರಲ್ಲಿ ಎರಡನೇ ದರ್ಜೆಗೆ (ಟೈಪ್ 2) ಹೇಳಿದ ಮಿತಿಗಳನ್ನು ಚೀಲದ ಮಾತಿನಲ್ಲಿ ಇಟ್ಟಿದ್ದೇನೆ.

“ನಿವ್ವಳ ತೂಕ 50 ಕೆ.ಜಿ.”

ಎಷ್ಟು ದಿನಕ್ಕೆ? ದನದ ಮೈ ನಡೆಸಲು ದಿನಕ್ಕೆ ಒಂದೂವರೆ ಕಿಲೋ, ಅದರ ಮೇಲೆ ಪ್ರತಿ ಲೀಟರ್ ಹಾಲಿಗೆ 400 ಗ್ರಾಂ ಎಂಬುದು ರೂಢಿಯ ಲೆಕ್ಕ. ಎಮ್ಮೆಯಾದರೆ ಲೀಟರಿಗೆ ಅರ್ಧ ಕಿಲೋ. ಹತ್ತು ಲೀಟರ್ ಕೊಡುವ ದನಕ್ಕೆ ಐದೂವರೆ ಕಿಲೋ ಆಯಿತು, ಚೀಲ ಒಂಬತ್ತು ದಿನಕ್ಕೆ ಮುಗಿಯಿತು. ಆದರೆ ಹಟ್ಟಿಯಲ್ಲಿ ತಕ್ಕಡಿ ಇರುವುದಿಲ್ಲ, ಡಾಲ್ಡಾ ಡಬ್ಬವೋ ಹಳೆಯ ಪೇಂಟ್ ಬಕೆಟ್ಟೋ ಇರುತ್ತದೆ. ಗುಳಿಗೆ ತುಂಬಿದ ಡಬ್ಬಕ್ಕೂ ತೌಡು ತುಂಬಿದ ಅದೇ ಡಬ್ಬಕ್ಕೂ ತೂಕದಲ್ಲಿ ಬಹಳ ಅಂತರ. ಡಬ್ಬವನ್ನು ಒಮ್ಮೆ ಅಂಗಡಿಯ ತಕ್ಕಡಿಯ ಮೇಲೆ ಇಟ್ಟು ನೋಡಿ ಒಳಬದಿಗೆ ಗೀಟು ಹಾಕಿಕೊಂಡರೆ ವರ್ಷವಿಡೀ ಉಪಯೋಗಕ್ಕೆ ಬರುತ್ತದೆ. ಬಣ್ಣದ ಬಕೆಟ್ ಮಾತ್ರ ಬೇಡ. ಅದನ್ನು ಎಷ್ಟು ತಿಕ್ಕಿದರೂ ಅದು ಆಹಾರದ ಪಾತ್ರೆಯಾಗುವುದಿಲ್ಲ.

“ಐ.ಎಸ್. 2052, ಟೈಪ್ 2”

ಇದರ ಹತ್ತಿರ ಐಎಸ್‌ಐ ಗುರುತು, ಅದರ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಗುರುತು ಇದ್ದು ಸಂಖ್ಯೆ ಇಲ್ಲದಿದ್ದರೆ ಅನುಮಾನ ಪಡಬಹುದು. ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಸಂಖ್ಯೆ ಹೊಡೆದರೆ ಅದು ಯಾರ ಪರವಾನಗಿ, ಈಗಲೂ ಚಾಲ್ತಿಯಲ್ಲಿದೆಯೇ ಎಂದು ತಿಳಿಯುತ್ತದೆ. ಇಷ್ಟು ಸುಲಭದ ಪರೀಕ್ಷೆಯನ್ನು ಊರಿನ ಕಾಲೇಜು ಹುಡುಗರು ಅಮ್ಮಂದಿರಿಗೆ ಮಾಡಿಕೊಡಬಾರದೇ?

“ತೇವಾಂಶ, ಗರಿಷ್ಠ ಶೇ. 11”

ನನ್ನನ್ನು ಕೇಳಿದರೆ ಕರಾವಳಿಯ ಚೀಲಗಳಲ್ಲಿ ಈ ಸಾಲನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಬೇಕು. 50 ಕಿಲೋದಲ್ಲಿ ಶೇ. 11 ಎಂದರೆ ಐದೂವರೆ ಕಿಲೋ ನೀರು. ಕೈಗೆ ಒದ್ದೆ ತಾಗದ, ಗುಳಿಗೆಯೊಳಗೆ ಕೂತ ನೀರು ಅದು. ಅಷ್ಟರವರೆಗೆ ಬೂಸಲು ಬೆಳೆಯಲಾರದು. ಶೇ. 14ನ್ನು ದಾಟಿದ ಮೇಲೆ ಅಪಾಯ ಶುರು. ಕಾರ್ಖಾನೆಯವರು ಮಾತು ಕೊಡುವುದು ಕಾರ್ಖಾನೆಯ ಬಾಗಿಲಿನವರೆಗೆ. ಕರ್ನಾಟಕ ಹಾಲು ಮಹಾಮಂಡಳದ ಪಶು ಆಹಾರ ಕಾರ್ಖಾನೆಗಳು ರಾಜಾನುಕುಂಟೆ, ಗುಬ್ಬಿ, ಧಾರವಾಡ, ಹಾಸನ, ಶಿಕಾರಿಪುರಗಳಲ್ಲಿವೆ. ಎಲ್ಲವೂ ಘಟ್ಟದ ಮೇಲೆ. ಅಲ್ಲಿಯ ಒಣ ಗಾಳಿಯಲ್ಲಿ ಹೊಲಿಗೆ ಹಾಕಿದ ಚೀಲ ಘಟ್ಟ ಇಳಿದು ಬರುವುದು ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಊರಿಗೆ. ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಉಪ್ಪು ನೀರಾಗುವ, ಬೆಂಕಿಪೆಟ್ಟಿಗೆ ಹೊತ್ತದ, ಕಪಾಟಿನ ಬಟ್ಟೆಗೆ ಕಪ್ಪು ಚುಕ್ಕೆ ಬೀಳುವ ಆ ನಾಲ್ಕು ತಿಂಗಳಲ್ಲಿ ಹಿಂಡಿ ಮಾತ್ರ ಒಣಗಿಯೇ ಇದ್ದೀತೇ? ಅದರಲ್ಲಿ ಉಪ್ಪೂ ಇದೆ, ಕಾಕಂಬಿಯೂ ಇದೆ. ಎರಡೂ ಗಾಳಿಯ ನೀರನ್ನು ಎಳೆದುಕೊಳ್ಳುವ ಪದಾರ್ಥಗಳು.

ನಮ್ಮ ಮನೆಯಲ್ಲಿ ಒಂದು ಆಸಾಡಿಯಲ್ಲಿ ಹೀಗಾಯಿತು. ಮಳೆ ಬಿಡುವುದಿಲ್ಲ ಎಂದು ಎರಡು ಚೀಲ ಒಟ್ಟಿಗೆ ತಂದು ಹಟ್ಟಿಯ ಕೆಂಪುಕಲ್ಲಿನ ಗೋಡೆಗೆ ಒರಗಿಸಿ ಇಟ್ಟಿದ್ದೆವು. ಎರಡನೆಯ ಚೀಲದ ತಳ ಮುಟ್ಟುವಾಗ ಗುಳಿಗೆಗಳು ಒಂದಕ್ಕೊಂದು ಅಂಟಿ ಉಂಡೆಯಾಗಿದ್ದವು. ಒಡೆದರೆ ಹಸಿರು ಪುಡಿ, ಹಳೆಯ ಪೆಟ್ಟಿಗೆಯಂಥ ಮುಗ್ಗಲು ವಾಸನೆ. ಹಣ ಕೊಟ್ಟು ತಂದದ್ದು ಹಾಳಾಗಬಾರದೆಂದು ಅಮ್ಮ ಉಂಡೆಗಳನ್ನು ಕೈಯಲ್ಲೇ ಹಿಸುಕಿ ಬಿಸಿ ಅಕ್ಕಚ್ಚಿನಲ್ಲಿ ಕಲಸಿದರು. ದನ ಕಲ್ಲುಮರಿಗೆಗೆ ಮೂತಿ ಇಟ್ಟು, ಮೂಸಿ, ಹಿಂದೆ ಸರಿಯಿತು. ಮಾರನೆಯ ದಿನ ಹಸಿವಿಗೆ ತಿಂದಿತು. ತಿಂದದ್ದು ಸರಿಯಾಯಿತೆಂದು ನಾವು ಸಮಾಧಾನ ಪಟ್ಟೆವು. ಸರಿಯಾಗಿದ್ದದ್ದು ಮೊದಲ ದಿನದ ಅದರ ಮೂಗು. ಇದನ್ನು ಅಫ್ಲಾಟಾಕ್ಸಿನ್ ಸಾಲಿನಲ್ಲಿ ಮತ್ತೆ ಎತ್ತಿಕೊಳ್ಳುತ್ತೇನೆ.

“ಕಚ್ಚಾ ಪ್ರೋಟೀನ್, ಕನಿಷ್ಠ ಶೇ. 20”
“ಯೂರಿಯಾ, ಗರಿಷ್ಠ ಶೇ. 1”

ಈ ಎರಡು ಸಾಲುಗಳನ್ನು ಒಟ್ಟಿಗೆ ಓದಬೇಕು. ‘ಕಚ್ಚಾ’ ಎಂಬ ಮಾತಿನಲ್ಲಿ ಎಲ್ಲ ಅಡಗಿದೆ. ಪ್ರಯೋಗಾಲಯದಲ್ಲಿ ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ, ಸಾರಜನಕವನ್ನು ಅಳೆದು 6.25ರಿಂದ ಗುಣಿಸುತ್ತಾರೆ. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಯೊಹಾನ್ ಕೆಲ್ಡಾಲ್ ಕಂಡುಹಿಡಿದ ವಿಧಾನ. ಇವತ್ತಿಗೂ ಲೋಕದ ಪಶು ಆಹಾರದ ಬೆಲೆ ಇದರ ಮೇಲೆಯೇ ನಿಂತಿದೆ. ಸಾರಜನಕ ಎಲ್ಲಿಂದ ಬಂತು ಎಂದು ಈ ವಿಧಾನ ಕೇಳುವುದಿಲ್ಲ. ಗದ್ದೆಗೆ ಹಾಕುವ ಯೂರಿಯಾದಲ್ಲಿ ಶೇ. 46 ಸಾರಜನಕ. 6.25ರಿಂದ ಗುಣಿಸಿದರೆ ಒಂದು ಕಿಲೋ ಯೂರಿಯಾ ಲೆಕ್ಕದಲ್ಲಿ ಎರಡು ಮುಕ್ಕಾಲು ಕಿಲೋಗಿಂತ ಹೆಚ್ಚು ‘ಪ್ರೋಟೀನ್’ ಆಗಿಬಿಡುತ್ತದೆ. ನೆಲಗಡಲೆ ಹಿಂಡಿಯ ಬೆಲೆಯನ್ನೂ ಯೂರಿಯಾದ ಬೆಲೆಯನ್ನೂ ಬಲ್ಲ ದುರಾಸೆಯವನಿಗೆ ಇಷ್ಟು ತಿಳಿದರೆ ಸಾಕು. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಸಾರಜನಕ ತುಂಬಿದ ಮೆಲಮೈನ್ ಸೇರಿಸಿ ಪ್ರೋಟೀನ್ ತೋರಿಸಿದರು. ಸುಮಾರು ಮೂರು ಲಕ್ಷ ಶಿಶುಗಳು ಕಾಯಿಲೆ ಬಿದ್ದವು, ಆರು ಶಿಶುಗಳು ತೀರಿಕೊಂಡವು. ಮೋಸ ನಡೆದದ್ದು ಇದೇ ಗುಣಾಕಾರದ ಸಂದಿಯಲ್ಲಿ.

ಹಾಗಾದರೆ ಶೇ. 1ರ ವರೆಗೆ ಯೂರಿಯಾಕ್ಕೆ ಅನುಮತಿ ಏಕೆ? ದನದ ಮೊದಲ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಯೂರಿಯಾದ ಸಾರಜನಕವನ್ನು ತಿಂದು ತಮ್ಮ ಮೈಯ ಪ್ರೋಟೀನ್ ಮಾಡಿಕೊಳ್ಳುತ್ತವೆ. ಆ ಜೀವಿಗಳು ಮುಂದಿನ ಹೊಟ್ಟೆಗೆ ಇಳಿದು ದನಕ್ಕೆ ಆಹಾರವಾಗುತ್ತವೆ. ಮೆಲುಕು ಹಾಕುವ ಪ್ರಾಣಿಗೆ ಮಾತ್ರ ಒಲಿದ ವಿದ್ಯೆ ಇದು. ಜೊತೆಗೆ ಜೋಳದ ಪಿಷ್ಟ, ಕಾಕಂಬಿಯ ಸಿಹಿ ಇದ್ದರೆ ಚೆನ್ನಾಗಿ ನಡೆಯುತ್ತದೆ. ಮೆಲುಕು ಶುರುವಾಗದ ಎಳೆ ಕರುವಿಗೆ ಈ ಆಹಾರ ಸಲ್ಲದು, ಕೋಳಿಗೂ ಸಲ್ಲದು. ಹಿಂಡಿಯ ಪುಡಿಯನ್ನು ಅಂಗಳದ ಕೋಳಿಗೆ ಚೆಲ್ಲುವ ಅಭ್ಯಾಸ ನಮ್ಮಲ್ಲಿದೆ, ಅದನ್ನು ಬಿಡುವುದು ಒಳ್ಳೆಯದು. ಮಿತಿ ದಾಟಿದರೆ ಯೂರಿಯಾ ಹೊಟ್ಟೆಯಲ್ಲಿ ಅಮೋನಿಯಾ ಆಗಿ ರಕ್ತಕ್ಕೆ ನುಗ್ಗುತ್ತದೆ. ಹೊಟ್ಟೆ ಉಬ್ಬರ, ನಡುಕ, ಬಾಯಲ್ಲಿ ನೊರೆ, ಏದುಸಿರು. ಒಂದೆರಡು ಗಂಟೆಯೊಳಗೆ ಪ್ರಾಣವೂ ಹೋಗಬಹುದು. ಚೀಲದ ಶೇ. 1ಕ್ಕಿಂತ ನನಗೆ ಹೆಚ್ಚು ಹೆದರಿಕೆ ನಾಟಿಯ ಸಮಯದ್ದು. ಎಂಒ-4 ಭತ್ತದ ಗದ್ದೆಗೆ ಗೊಬ್ಬರ ಹಾಕುವ ದಿನಗಳಲ್ಲಿ ಯೂರಿಯಾ ಚೀಲವೂ ಹಿಂಡಿ ಚೀಲವೂ ಒಂದೇ ಮೂಲೆಯಲ್ಲಿ ನಿಂತಿರುತ್ತವೆ. ಗೊಬ್ಬರದ ಚೀಲ ತೊಳೆದ ನೀರು ಬಕೆಟ್ಟಿನಲ್ಲಿ ಉಳಿದು, ಬಾಯಾರಿದ ದನ ಅದನ್ನು ಕುಡಿದರೆ? ಅಂಥ ಹೊತ್ತಿನಲ್ಲಿ ಮನೆಮದ್ದಿಗೆ ಕಾಲ ಕಳೆಯದೆ 1962ಕ್ಕೆ ಕರೆ ಮಾಡಬೇಕು. ಪಶುಚಿಕಿತ್ಸೆಯ ವಾಹನಕ್ಕೆ ಅದೇ ಸಂಖ್ಯೆ.

“ಕಚ್ಚಾ ಕೊಬ್ಬು, ಕನಿಷ್ಠ ಶೇ. 2.5”

ಎಣ್ಣೆ ಪೂರ್ತಿ ತೆಗೆದ ತೌಡನ್ನೇ ತುಂಬಿದರೆ ಈ ಎರಡೂವರೆ ಮುಟ್ಟುವುದು ಕಷ್ಟ. ಮಿಲ್ಲಿನಿಂದ ಬಂದ ಹಸಿ ತೌಡಿನಲ್ಲಿ ಎಣ್ಣೆ ಧಾರಾಳವಾಗಿದೆ, ಆದರೆ ಬೆಳ್ತಿಗೆ ಅಕ್ಕಿಯ ತೌಡು ಕೆಲವೇ ದಿನಗಳಲ್ಲಿ ಕಮಟು ಹಿಡಿಯುತ್ತದೆ. ತೌಡಿನಲ್ಲೇ ಇರುವ ಕಿಣ್ವ ಅದರ ಎಣ್ಣೆಯನ್ನು ಒಡೆಯುವುದು ಇದಕ್ಕೆ ಕಾರಣ. ನಮ್ಮ ಕುಚ್ಚಲಕ್ಕಿ ಇಲ್ಲಿ ಮೇಲು. ಭತ್ತ ಬೇಯಿಸುವಾಗ ಆ ಕಿಣ್ವ ಸಾಯುವುದರಿಂದ ಅದರ ತೌಡು ಹೆಚ್ಚು ದಿನ ಬಾಳುತ್ತದೆ. ನಮ್ಮ ಅಜ್ಜಿಯರು ಕುಚ್ಚಲಕ್ಕಿ ತೌಡನ್ನೇ ಕೇಳಿ ತರಿಸುತ್ತಿದ್ದುದಕ್ಕೆ ಅರ್ಥವಿತ್ತು.

“ಕಚ್ಚಾ ನಾರು, ಗರಿಷ್ಠ ಶೇ. 12”

ನಾರು ದನಕ್ಕೆ ಬೇಕು, ಅದಿಲ್ಲದೆ ಮೆಲುಕಿಲ್ಲ, ಹಾಲಿನಲ್ಲಿ ಕೊಬ್ಬೂ ಇಲ್ಲ. ಆದರೆ ಅದು ಬರಬೇಕಾದದ್ದು ಹುಲ್ಲಿನಿಂದ. ಚೀಲದಲ್ಲಿ ನಾರು ಹೆಚ್ಚಾಯಿತೆಂದರೆ ಹಿಂಡಿಯ ಬೆಲೆಗೆ ಉಮಿ ಕೊಂಡೆವೆಂದೇ ಅರ್ಥ. ಕೊಯ್ಲಿನ ಯಂತ್ರ ಬಂದ ಮೇಲೆ ಹುಲ್ಲಿನ ಕಥೆಯೂ ಬದಲಾಗಿದೆ. ಕೈಕೊಯ್ಲಿನ ಹುಲ್ಲನ್ನು ಒಣಗಿಸಿ ಕುತ್ರಿ ಹಾಕುತ್ತಿದ್ದೆವು. ಈಗ ಯಂತ್ರ ಗದ್ದೆಯಲ್ಲಿ ಚೆಲ್ಲಿದ ಹುಲ್ಲಿನ ಮೇಲೆ ಅಕ್ಟೋಬರ್ ಮಳೆ ಬಿದ್ದರೆ ಅದು ಕಪ್ಪಾಗುತ್ತದೆ. ಕಪ್ಪಾದ ಹುಲ್ಲಿಗೂ ಬೂಸಲು ಹಿಡಿದ ಹಿಂಡಿಗೂ ನಾನು ಭೇದ ಕಾಣೆ. ಒಳ್ಳೆಯ ಬೈಹುಲ್ಲಿನಲ್ಲೂ ಪ್ರೋಟೀನ್ ಇರುವುದು ಶೇ. 3-4 ಮಾತ್ರ. ನೂರು ಕಿಲೋ ಒಣಹುಲ್ಲಿಗೆ ನಾಲ್ಕು ಕಿಲೋ ಯೂರಿಯಾವನ್ನು ನೀರಲ್ಲಿ ಕರಗಿಸಿ ಚಿಮುಕಿಸಿ, ಗಾಳಿಯಾಡದಂತೆ ಮುಚ್ಚಿ ಮೂರು ವಾರ ಇಟ್ಟರೆ ಈ ಪ್ರೋಟೀನ್ ಸುಮಾರು ಇಮ್ಮಡಿಯಾಗುತ್ತದೆ, ನಾರೂ ಸಡಿಲುತ್ತದೆ. ಹಿಂದೊಂದು ಸಾಲಿನಲ್ಲಿ ಹೆದರಿಸಿದ ಯೂರಿಯಾ ಇಲ್ಲಿ ಅಳತೆಯಲ್ಲಿದ್ದು ಉಪಕಾರಿ. ಆದರೆ ಮೊದಲ ಸಲ ಮಾಡುವವರು ಪಶುವೈದ್ಯರನ್ನೋ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದವರನ್ನೋ ಕೇಳಿಕೊಂಡೇ ಮಾಡಬೇಕು.

“ಆಮ್ಲದಲ್ಲಿ ಕರಗದ ಬೂದಿ, ಗರಿಷ್ಠ ಶೇ. 4”

ನೇರ ಮಾತಿನಲ್ಲಿ, ಮರಳು ಮತ್ತು ಉಮಿಯ ಸಿಲಿಕಾ. ಚೀಲಕ್ಕೆ ಎರಡು ಕಿಲೋ ತನಕ ಕ್ಷಮೆ ಇದೆ. ಒಂದು ಹಿಡಿ ಹಿಂಡಿಯನ್ನು ಗಾಜಿನ ಲೋಟದ ನೀರಿನಲ್ಲಿ ಕದಡಿ ಬಿಟ್ಟರೆ ಮರಳು ತಳಕ್ಕೆ ಇಳಿಯುತ್ತದೆ, ಉಮಿ ಮೇಲೆ ತೇಲುತ್ತದೆ. ಪ್ರಯೋಗಾಲಯದ ಲೆಕ್ಕ ಸಿಗದಿದ್ದರೂ ಕಣ್ಣಿಗೆ ಅಂದಾಜು ಸಿಗುತ್ತದೆ.

“ಖನಿಜ ಮಿಶ್ರಣ, ಉಪ್ಪು, ವಿಟಮಿನ್ ಎ ಮತ್ತು ಡಿ3 ಸೇರಿಸಿದೆ”

ಒಂದು ಲೀಟರ್ ಹಾಲಿನಲ್ಲಿ ಸುಮಾರು 1.2 ಗ್ರಾಂ ಕ್ಯಾಲ್ಸಿಯಂ. ಹತ್ತು ಲೀಟರ್ ಕೊಡುವ ದನ ದಿನಕ್ಕೆ ಹನ್ನೆರಡು ಗ್ರಾಂ ಸುಣ್ಣವನ್ನು ತನ್ನ ಮೂಳೆಯ ಖಾತೆಯಿಂದ ಹೊರಗೆ ಕೊಡುತ್ತದೆ. ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿ, ಮಳೆ ಅದರ ಸುಣ್ಣವನ್ನು ತೊಳೆದೊಯ್ಯುತ್ತದೆ, ಅದರಲ್ಲಿ ಬೆಳೆದ ಹುಲ್ಲಿಗೂ ಅದೇ ಬಡತನ. ಬೈಹುಲ್ಲಿನಲ್ಲಿರುವ ಆಕ್ಸಲೇಟ್ ಇದ್ದ ಕ್ಯಾಲ್ಸಿಯಂನ್ನೂ ಕಟ್ಟಿಹಾಕುತ್ತದೆ. ಕರು ಹಾಕಿದ ಮರುದಿನ ಎದ್ದು ನಿಲ್ಲಲಾರದೆ ಕುತ್ತಿಗೆ ಹೊರಳಿಸಿ ಮಲಗುವ ದನದ ಸಂಕಟ ಕಂಡವರಿಗೆ ಈ ಸಾಲಿನ ಬೆಲೆ ಗೊತ್ತು. ಚೀಲದೊಳಗಿನ ಖನಿಜ, ಹೇಳಿದ ತೂಕದಷ್ಟು ಹಿಂಡಿ ತಿಂದರೆ ಮಾತ್ರ ಸಾಕಾದೀತು. ಖರ್ಚಿಗೆ ಹೆದರಿ ಅರ್ಧ ಹಾಕುವ ಮನೆಯಲ್ಲಿ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣವನ್ನು ಬೇರೆಯಾಗಿ ಕೊಡಬೇಕು. ಗಬ್ಬದ ದನ ಹಾಲು ಕೊಡುವುದಿಲ್ಲವೆಂದು ಅದರ ಖನಿಜ ನಿಲ್ಲಿಸುವುದನ್ನು ನೋಡಿದಾಗ ನನಗೆ ನೋವಾಗುತ್ತದೆ.

“ದನ ಹಂದಿಗಳ ಮಾಂಸ, ಮೂಳೆ, ರಕ್ತದ ಪುಡಿ ಸೇರಿಲ್ಲ”

1986ರಲ್ಲಿ ಬ್ರಿಟನ್ನಿನಲ್ಲಿ ಹುಚ್ಚು ದನದ ರೋಗವನ್ನು ಮೊದಲು ಗುರುತಿಸಿದರು. ಹುಲ್ಲು ತಿನ್ನುವ ಪ್ರಾಣಿಗೆ ಅದರದೇ ಜಾತಿಯ ಮಾಂಸ, ಮೂಳೆಯ ಪುಡಿ ತಿನ್ನಿಸಿದ್ದು ಆ ರೋಗ ಹರಡಲು ಕಾರಣವಾಯಿತು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರವೂ ಹಾಲು ಕೊಡುವ ಪ್ರಾಣಿಗಳಿಗೆ ಅಂಥ ಪುಡಿ ಹಾಕುವುದನ್ನು ತಡೆದಿದೆ. ಈ ಸಾಲಿಗೆ ಇಷ್ಟು ಸಾಕು.

“ಅಫ್ಲಾಟಾಕ್ಸಿನ್ ಬಿ1, ಗರಿಷ್ಠ 20 ಪಿಪಿಬಿ”

ಚೀಲದಲ್ಲಿ ಇದಕ್ಕಿಂತ ಕಷ್ಟದ ಪದವಿಲ್ಲ, ಇದಕ್ಕಿಂತ ಮುಖ್ಯವಾದುದೂ ಇಲ್ಲ. 20 ಪಿಪಿಬಿ ಎಂದರೆ ಕಿಲೋಗೆ 20 ಮೈಕ್ರೋಗ್ರಾಂ. ಊರ ಲೆಕ್ಕಕ್ಕೆ ತಂದರೆ ಒಂದು ಚೀಲಕ್ಕೆ ಒಂದು ಮಿಲಿಗ್ರಾಂ. ಐದಾರು ಸಾಸಿವೆಯನ್ನು ತಕ್ಕಡಿಯಲ್ಲಿಟ್ಟರೆ ಹತ್ತಿಪ್ಪತ್ತು ಮಿಲಿಗ್ರಾಂ ತೂಗೀತು. ಇಡೀ ಚೀಲಕ್ಕೆ ಒಂದು ಸಾಸಿವೆಯ ತೂಕದಷ್ಟೂ ಈ ವಿಷ ಇರಬಾರದು.

1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಕೆಲವೇ ತಿಂಗಳಲ್ಲಿ ಸತ್ತವು. ಹುಡುಕುತ್ತ ಹೋದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ತರಿಸಿದ ನೆಲಗಡಲೆ ಹಿಂಡಿ, ಅದರ ಮೇಲೆ ಬೆಳೆದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಸಲು, ಆ ಬೂಸಲು ಉಗುಳಿದ ವಿಷ. ಬೂಸಲಿನ ಹೆಸರಿನಿಂದಲೇ ವಿಷಕ್ಕೆ ಹೆಸರು ಬಂತು. ಬೈಂದೂರು, ಕುಂದಾಪುರದ ಕಡಲ ಪಕ್ಕದ ಮರಳು ಗದ್ದೆಗಳಲ್ಲಿ ಭತ್ತದ ಹಿಂದೆ ನೆಲಗಡಲೆ ಬೆಳೆಯುವ ನಾವು ಇದನ್ನು ದೂರದ ಸುದ್ದಿಯೆಂದು ಬಿಡುವಂತಿಲ್ಲ. ಕಿತ್ತ ನೆಲಗಡಲೆ ಸರಿಯಾಗಿ ಒಣಗದಿದ್ದರೆ, ಒಣಗುವಾಗ ಅಡ್ಡಮಳೆ ಬಂದರೆ, ಅದೇ ಬೂಸಲು ಅದೇ ಕೆಲಸ ಮಾಡುತ್ತದೆ. ಆರಿಸಿ ಬಿಟ್ಟ ಕಪ್ಪು ಬೀಜ, ಮುದುಡಿದ ಬೀಜ ‘ದನಕ್ಕಾಯಿತು’ ಎಂದು ಹಟ್ಟಿಗೆ ಹೋಗುವುದನ್ನು ನಿಲ್ಲಿಸಬೇಕು. ವಿಷ ಹೆಚ್ಚು ಕೂತಿರುವುದು ಆ ಬೀಜಗಳಲ್ಲೇ.

ದನ ಬಿ1ನ್ನು ತಿಂದರೆ ಅದರ ಪಿತ್ತಜನಕಾಂಗ ಅದನ್ನು ಎಂ1 ಎಂಬ ರೂಪಕ್ಕೆ ತಿರುಗಿಸುತ್ತದೆ. ಒಂದೆರಡು ಹೊತ್ತಿನೊಳಗೆ ಅದು ಹಾಲಿಗೆ ಬರುತ್ತದೆ. ಹಾಲಿನಲ್ಲಿ ನಮ್ಮ ದೇಶ ಒಪ್ಪುವುದು ಕಿಲೋಗೆ ಅರ್ಧ ಮೈಕ್ರೋಗ್ರಾಂ. ಲೆಕ್ಕ ಮಾಡೋಣ. ತಿಂದ ವಿಷದ ಶೇ. 2 ಹಾಲಿಗೆ ಇಳಿಯುತ್ತದೆ ಎಂದು ಇಟ್ಟುಕೊಳ್ಳಿ. 20 ಪಿಪಿಬಿ ಹಿಂಡಿಯನ್ನು ನಾಲ್ಕು ಕಿಲೋ ತಿಂದ ದನ ಹತ್ತು ಲೀಟರ್ ಕೊಟ್ಟರೆ ಲೀಟರಿಗೆ 0.16 ಮೈಕ್ರೋಗ್ರಾಂ ಬರುತ್ತದೆ. ಮಿತಿಯೊಳಗಾಯಿತು. ಅದೇ ಹಿಂಡಿ ನಮ್ಮ ಆ ಆಸಾಡಿಯ ಚೀಲದಂತೆ ಬೂಸಲು ಹಿಡಿದು 100 ಪಿಪಿಬಿ ಆಗಿದ್ದರೆ? ಲೀಟರಿಗೆ 0.8 ಆಯಿತು, ಮಿತಿ ಮೀರಿತು. ನಮ್ಮ ಚೀಲದಲ್ಲಿ ಎಷ್ಟಿತ್ತೋ ಯಾರೂ ಅಳೆದಿಲ್ಲ. ಅಮ್ಮ ಬಿಸಿ ಅಕ್ಕಚ್ಚಿನಲ್ಲಿ ಕಲಸಿದ್ದರಿಂದ ಏನೂ ಕಡಿಮೆಯಾಗಿರಲಾರದು, ಕುದಿಸಿದರೂ ಈ ವಿಷ ಸಾಯುವುದಿಲ್ಲ. ಹಾಲು ಕಾಸಿದರೂ ಇಲ್ಲ, ಡೈರಿಯಲ್ಲಿ ಪಾಶ್ಚರೀಕರಿಸಿದರೂ ಇಲ್ಲ. ಬೂಸಲನ್ನು ಬಿಸಿಲಿಗೆ ಹಾಕಿ ಕೊಡವಿದರೆ ಹಸಿರು ಪುಡಿ ಹೋಗುತ್ತದೆ, ಒಳಗೆ ಇಳಿದ ವಿಷ ಉಳಿಯುತ್ತದೆ. ಒಂದು ನೆಮ್ಮದಿಯ ಸಂಗತಿಯೂ ಇದೆ. ಕೆಟ್ಟ ಹಿಂಡಿ ನಿಲ್ಲಿಸಿದ ಮೂರು ನಾಲ್ಕು ದಿನಗಳಲ್ಲಿ ಹಾಲು ತಿಳಿಯಾಗುತ್ತದೆ.

2018ರ ರಾಷ್ಟ್ರೀಯ ಹಾಲು ಸಮೀಕ್ಷೆಯಲ್ಲಿ ದೇಶದ 6,432 ಮಾದರಿಗಳನ್ನು ಪರೀಕ್ಷಿಸಿದಾಗ ಶೇ. 5.7ರಲ್ಲಿ ಎಂ1 ಮಿತಿ ಮೀರಿತ್ತು. ಹಾಲಿಗೆ ನೀರು, ಯೂರಿಯಾ, ಸಾಬೂನು ಬೆರೆಸುವವರ ಬಗ್ಗೆ ನಾವು ವರ್ಷಗಟ್ಟಲೆ ಮಾತಾಡಿದ್ದೇವೆ. ಯಾರೂ ಬೇಕೆಂದು ಬೆರೆಸದ, ಹಟ್ಟಿಯ ಮೂಲೆಯಲ್ಲಿ ತಾನಾಗಿ ಹುಟ್ಟುವ ಈ ವಿಷದ ಬಗ್ಗೆ ಡೈರಿಯ ಸಭೆಗಳಲ್ಲಿ ಅಷ್ಟೇ ಗಟ್ಟಿಯಾಗಿ ಮಾತಾಗಬೇಕು. ಕೊಬ್ಬು, ಡಿಗ್ರಿ ನೋಡಿ ಹಣ ಕೊಡುವ ಯಂತ್ರಕ್ಕೆ ಇದು ಕಾಣುವುದಿಲ್ಲ. ಮಳೆಗಾಲದಲ್ಲಿ ಸಂಘದ ಗೋದಾಮಿನ ಚೀಲಗಳಿಂದ ಮಾದರಿ ತೆಗೆದು ಪರೀಕ್ಷೆಗೆ ಕಳಿಸಿ, ಬಂದ ಅಂಕಿಯನ್ನು ಹಾಲಿನ ದರದ ಪಕ್ಕದಲ್ಲೇ ಬರೆದು ಹಾಕುವ ಪದ್ಧತಿ ಬರಬೇಕು. ಹಾಲು ಹಾಕುವವರಿಗೆ ಅದನ್ನು ಕೇಳುವ ಹಕ್ಕಿದೆ.

“ತಯಾರಾದ ದಿನಾಂಕ ನೋಡಿ ಬಳಸಿ. ಒಣಗಿದ, ತಂಪಾದ ಜಾಗದಲ್ಲಿಡಿ”

ಆಷಾಢದ ಕರಾವಳಿಯಲ್ಲಿ ಒಣಗಿದ ಜಾಗ ಎಲ್ಲಿದೆ? ಇಲ್ಲದ್ದನ್ನು ಮಾಡಿಕೊಳ್ಳಬೇಕು. ದಿನಾಂಕ ಹಳೆಯದಾದ ಚೀಲ ಮಳೆಗಾಲದಲ್ಲಿ ಬೇಡ, ಸೊಸೈಟಿಯವರು ಬೇಸರಿಸಿಕೊಂಡರೂ ಪರವಾಗಿಲ್ಲ, ಬದಲಿ ಕೇಳಬೇಕು. ತರುವುದಾದರೆ ಒಂದೇ ಚೀಲ. ಬಿಚ್ಚಿದ ಮೇಲೆ ಬಾಯಿ ಬಿಗಿದು ಕಟ್ಟಬೇಕು. ಒದ್ದೆ ಕೈ, ಒದ್ದೆ ಡಬ್ಬ ಒಳಗೆ ಹೋಗಬಾರದು. ಹಳೆಯದು ಮುಗಿದು ಡ್ರಮ್ಮಿನ ತಳ ಒರೆಸದೆ ಹೊಸದನ್ನು ಸುರಿಯಬಾರದು, ಕಳೆದ ತಿಂಗಳ ಬೂಸಲಿನ ಬೀಜ ಅಲ್ಲೇ ಕಾದಿರುತ್ತದೆ. ಸಿಮೆಂಟ್ ನೆಲ ಒಣಗಿದಂತೆ ಕಂಡರೂ ಕೆಳಗಿನಿಂದ ಶೀತ ಏರುತ್ತದೆ, ಕೆಂಪುಕಲ್ಲಿನ ಗೋಡೆಯಂತೂ ಮಳೆ ಕುಡಿದು ನಿಂತಿರುತ್ತದೆ.

ಈಗ ನಮ್ಮ ಹಟ್ಟಿಯಲ್ಲಿ ಅಡಿಕೆ ದಬ್ಬೆಯ ಒಂದು ಅಟ್ಟಳಿಗೆ ಇದೆ. ನೆಲದಿಂದ ಒಂದು ಗೇಣು ಮೇಲೆ, ಗೋಡೆಯಿಂದ ಎರಡು ಗೇಣು ದೂರ. ಗೊಬ್ಬರದ ಚೀಲಕ್ಕೆ ಮನೆಯ ಆಚೆ ಬದಿಯಲ್ಲಿ ಬೇರೆ ಜಾಗ. ಚೀಲ ಬಿಚ್ಚಿದ ಕೂಡಲೇ ಅಮ್ಮ ಒಂದು ಹಿಡಿ ತೆಗೆದು ಮೊದಲು ತಾವು ಮೂಸುತ್ತಾರೆ, ಆಮೇಲೆ ದನದ ಮೂತಿಯ ಹತ್ತಿರ ಹಿಡಿಯುತ್ತಾರೆ. ದನ ಹಿಂದೆ ಸರಿದರೆ ಆ ಚೀಲ ಅಲ್ಲಿಂದಲೇ ವಾಪಸು.